ಹಸಿವಿಗೊಂದು ಪರೀಕ್ಷೆ

ತಾಟಿನಲ್ಲಿಯ ರೊಟ್ಟಿ ಮುಗಿಯುವ ಮೊದಲೇ ಇನ್ನೊಂದಕ್ಕೆ ಕೈಚಾಚುವ ಹುಡುಗನಿಗೆ ನಮ್ಮ ರೋಣ-ನರಗುಂದದ ಕಡೆಯ ಮುದುಕಿಯರು “ಬರದಾಗ ಹುಟ್ಟಿದಾಂವ” ಎಂದು ಬೈಯುವುದುಂಟು. ಯಾವ ಬರದಲ್ಲಿ ಎಂದು ಕೇಳಿದರೆ ಬೈದವರಿಗೇ ಹೇಳಲು ಬಾರದು. ನೆನಪು ಅಳಿದುಹೋಗಿದೆ, ಬೈಗುಳ ಮಾತ್ರ ಉಳಿದಿದೆ. ಕನ್ನಡ ಕಲಿಸುವ ವೃತ್ತಿಯವನಾದ ನನಗೆ ಇಂಥ ಮಾತುಗಳ ಬೆನ್ನು ಹತ್ತುವುದು ಒಂದು ಚಟ. “ಖಡಿ ಒಡೆಯಲು ಹೋದ”, “ಕಾಮಗಾರಿ ಬಿತ್ತು”, “ಮಸ್ಟರಿನಾಗ ಹೆಸರು ಹಚ್ಚಿದರು” ಎಂದು ಮೆಣಸಗಿಯ ಕಟ್ಟೆಯ ಮೇಲೆ ಕುಳಿತ ಹಿರಿಯರು ಆಡುವಾಗ ಅದು ದಿನನಿತ್ಯದ ಮಾತೆಂದೇ ತೋರುತ್ತದೆ. ಆದರೆ ಈ ಮಾತುಗಳ ಹಿಂದೆ ಒಂದು ದೊಡ್ಡ ಪ್ರಶ್ನೆ ಇದೆ. ಕೆಲಸವಿಲ್ಲದೆ ಉಪವಾಸ ಬಿದ್ದವನಿಗೆ ಸರಕಾರ ಕೂಳು ಕೊಡಬೇಕೆ? ಕೊಡಬೇಕೆಂದಾದರೆ, ಅವನು ನಿಜವಾಗಿಯೂ ಕೆಲಸವಿಲ್ಲದವನು, ನಿಜವಾಗಿಯೂ ಹಸಿದವನು ಎಂಬುದನ್ನು ತಿಳಿಯುವ ಬಗೆ ಯಾವುದು? ಈ ಎರಡನೆಯ ಪ್ರಶ್ನೆಗೆ ವಿಲಾಯತಿಯಲ್ಲಿಯೂ ನಮ್ಮ ಎರೆಯ ಸೀಮೆಯಲ್ಲಿಯೂ ಒಂದೇ ಜಾತಿಯ ಉತ್ತರ ಕೊಟ್ಟರು. ಆ ಉತ್ತರದ ಕಥೆಯನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಮೆಣಸಗಿ ಮಲಪ್ರಭೆಯ ಬಯಲಿನ ಊರು. ಹೊಳೆಆಲೂರು ಸ್ಟೇಶನ್ನು ಹತ್ತಿರ. ಬೆಣ್ಣೆಹಳ್ಳವೂ ಇದೇ ಸೀಮೆಯಲ್ಲಿ ಮಲಪ್ರಭೆಯನ್ನು ಕೂಡುತ್ತದೆ. ಇಂದು ಇದು ಗದಗ ಜಿಲ್ಲೆ. 1997ಕ್ಕೆ ಮೊದಲು ಧಾರವಾಡ ಜಿಲ್ಲೆ. ಇಂಗ್ಲಿಷರ ಕಾಲದಲ್ಲಿ ಮುಂಬಯಿ ಇಲಾಖೆಯ ಧಾರವಾಡ ಕಲೆಕ್ಟರೇಟಿನ ರೋಣ ತಾಲೂಕು. ಹೊಳೆ ದಾಟಿದರೆ ಬಾದಾಮಿ, ಅದು ಆಗ ಕಲಾದಗಿ ಜಿಲ್ಲೆ. ನೆಲ ಕಪ್ಪು ಎರೆ. ಮಳೆ ಬಿದ್ದರೆ ಎತ್ತಿನ ಕಾಲು ಮೊಣಕಾಲ ಮಟ ಹುಗಿಯುತ್ತದೆ, ಮಳೆ ಹೋದರೆ ಕೈ ಹಿಡಿಸುವಷ್ಟು ಅಗಲ ಬಿರಿಯುತ್ತದೆ. ಮುಂಗಾರು ಇಲ್ಲಿ ಎಂದೂ ಧಾರಾಳಿಯಲ್ಲ. ಉತ್ತರಿ, ಹಸ್ತ, ಚಿತ್ತಿ ಮಳೆಗಳನ್ನು ನಂಬಿ ಬಿಳಿಜೋಳ, ಹತ್ತಿ, ಕುಸುಬಿ ಬಿತ್ತುವ ದೇಶ. ಇಂಥ ನೆಲದ ಒಕ್ಕಲಿಗನು ಒಂದು ವರುಷದ ಮಳೆಯ ಮೇಲೆ ಎಂದೂ ವಿಶ್ವಾಸ ಇಟ್ಟವನಲ್ಲ. ಅದಕ್ಕಾಗಿಯೇ ಹಗೇವು ತೋಡುತ್ತಿದ್ದನು. ನೆಲದೊಳಗೆ ಗುಡಾಣದಾಕಾರದ ಗುಂಡಿ; ಸುತ್ತಲೂ ಜೋಳದ ಕಣಿಕೆ, ಹೊಟ್ಟು; ನಡುವೆ ಜೋಳ; ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರುಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ಹಗೇವಿನ ಬಾಯಿ ತೆರೆದ ಕೂಡಲೇ ಒಳಗೆ ಇಳಿಯಬಾರದು, ಕೆಟ್ಟ ಗಾಳಿ ಇರುತ್ತದೆ ಎಂಬ ತಿಳಿವಳಿಕೆ ಪ್ರತಿ ಮನೆಯಲ್ಲಿಯೂ ಇದ್ದಿತು. ಈ ಗುಂಡಿಯೇ ಅಂದಿನ ನಿರುದ್ಯೋಗ ವಿಮೆ ಎಂದರೆ ಹೆಚ್ಚಿನ ಮಾತಾಗದು.

ಆದರೆ ಹಗೇವು ಇದ್ದದ್ದು ಹೊಲ ಇದ್ದವನಿಗೆ. ಕೂಲಿಯವನಿಗೂ ನೇಕಾರನಿಗೂ ಹಗೇವು ಎಲ್ಲಿಯದು? ಹೊಲದವನ ಹಗೇವಿನ ಗತಿಯೂ 1860ರ ಸುಮಾರಿಗೆ ಬದಲಾಗಹತ್ತಿತು. ಇದಕ್ಕೆ ಕಾರಣ ಏಳು ಸಮುದ್ರದಾಚೆ ನಡೆದ ಒಂದು ಯುದ್ಧ.

ಅಮೇರಿಕದಲ್ಲಿ 1861ರಿಂದ 1865ರ ವರೆಗೆ ಒಳಯುದ್ಧ ನಡೆಯಿತು. ದಕ್ಷಿಣದ ಸಂಸ್ಥಾನಗಳ ಹತ್ತಿ ಇಂಗ್ಲಂಡಿಗೆ ಬರುವುದು ನಿಂತಿತು. ಮ್ಯಾಂಚೆಸ್ಟರಿನ ಸುತ್ತಲಿನ ಲ್ಯಾಂಕಶಾಯರ ಸೀಮೆಯಲ್ಲಿ ಗಿರಣಿಗಳ ಚಿಮಣಿ ಆರಿದವು. 1862ರ ಚಳಿಗಾಲದ ಹೊತ್ತಿಗೆ ಸುಮಾರು 5 ಲಕ್ಷ ಜನ ಧರ್ಮದ ಕೂಳಿನ ಮೇಲೆ ಬದುಕುವ ಗತಿ ಬಂದಿತು. ಅವರಾರೂ ಸೋಮಾರಿಗಳಲ್ಲ, ನಿನ್ನೆಯ ವರೆಗೆ ಜಗತ್ತಿಗೆಲ್ಲ ಅರಿವೆ ನೇಯ್ದವರು. ಆದರೆ ಇಂಗ್ಲಂಡಿನ ಬಡವರ ಕಾಯಿದೆ 1834ರಲ್ಲಿ ಒಂದು ತತ್ತ್ವವನ್ನು ಕಲ್ಲಿನಲ್ಲಿ ಕೊರೆದಿಟ್ಟಿತ್ತು: ಸರಕಾರದ ಕೂಳು ತಿನ್ನುವವನ ಸ್ಥಿತಿ, ಸ್ವತಂತ್ರವಾಗಿ ದುಡಿಯುವ ಅತ್ಯಂತ ಬಡ ಕೂಲಿಯವನ ಸ್ಥಿತಿಗಿಂತಲೂ ಕೆಳಗಿರಬೇಕು. ಇಲ್ಲವಾದರೆ ಎಲ್ಲರೂ ಸರಕಾರದ ಬಾಗಿಲಿಗೇ ಬಂದು ನಿಲ್ಲುವರೆಂಬ ಭಯ. ಆದುದರಿಂದ ನೂಲುವ, ನೇಯುವ ಮೃದುವಾದ ಕೈಗಳಿಗೆ ಖಡಿ ಒಡೆಯುವ ಸುತ್ತಿಗೆ ಕೊಟ್ಟರು. ಹಡಗಿನ ಹಳೆಯ ಹಗ್ಗ ಬಿಚ್ಚಿ ನಾರು ತೆಗೆಯಲು ಕೂಡ್ರಿಸಿದರು. 1863ರ ಮಾರ್ಚಿನಲ್ಲಿ ಸ್ಟೇಲಿಬ್ರಿಜ್ ಎಂಬ ಊರಲ್ಲಿ ರೊಕ್ಕದ ಬದಲು ಅಂಗಡಿಯ ಚೀಟಿ ಕೊಡುವೆವೆಂದಾಗ ಜನ ರೊಚ್ಚಿಗೆದ್ದು ಗಲಭೆ ಮಾಡಿದರು. ರೊಕ್ಕ ಕೈಯಲ್ಲಿದ್ದರೆ ಮನುಷ್ಯ, ಚೀಟಿ ಕೈಯಲ್ಲಿದ್ದರೆ ಭಿಕ್ಷುಕ ಎಂಬ ಭಾವನೆ ಅವರದು. ಅದೇ ವರುಷ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿ, ರಸ್ತೆ, ಗಟಾರು, ಉದ್ಯಾನಗಳ ಕೆಲಸಕ್ಕಾಗಿ ಊರುಗಳಿಗೆ ಸಾಲ ಕೊಟ್ಟಿತು. ಈ ಕೆಲಸಕ್ಕೆ ಕೂಲಿ ಇದ್ದಿತು. ಇದು ಶಿಕ್ಷೆಯಲ್ಲ, ಉದ್ಯೋಗ ಎಂದು ಹೇಳುವಷ್ಟು ಮರ್ಯಾದೆಯೂ ಇದ್ದಿತು.

ಲ್ಯಾಂಕಶಾಯರದಲ್ಲಿ ಚಿಮಣಿ ಆರಿದಾಗ ಗದಗಿನ ಪೇಟೆಯಲ್ಲಿ ದೀಪ ಹತ್ತಿತು. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ನ್ಯೂ ಆರ್ಲಿಯನ್ಸ್ ಬೀಜದ ಹತ್ತಿ ಬೆಳೆಯುವ ಪ್ರಯೋಗ ನಡೆದಿದ್ದು, ಅದು “ಧಾರವಾಡ-ಅಮೇರಿಕನ್” ಎಂಬ ಹೆಸರಿನಿಂದ ವಿಲಾಯತಿಯ ಪೇಟೆಯಲ್ಲಿ ಗುರುತು ಪಡೆದಿತ್ತು. ನಾಡ ಹತ್ತಿಗೆ, ಅದು ಹಡಗು ಹತ್ತುತ್ತಿದ್ದ ಬಂದರಿನಿಂದಾಗಿ, “ಕುಮಟಾ” ಎಂದೇ ಹೆಸರು. ಯುದ್ಧದ ನಾಲ್ಕು ವರುಷ ಹತ್ತಿಗೆ ಬಂಗಾರದ ಬೆಲೆ. ಗಾಡಿಗಳ ಸಾಲು ಘಟ್ಟ ಇಳಿಯಿತು. ಕಾರವಾರ-ಕುಮಟೆಯ ದಾರಿಗಳು ಅಗಲವಾದವು. ಜೋಳದ ಹೊಲಕ್ಕೆ ಹತ್ತಿ ಬಂದಿತು. (ಹಿಂದುಸ್ತಾನದ ಹತ್ತಿಯ ಎಳೆ ಗಿಡ್ಡವೆಂದು ಲ್ಯಾಂಕಶಾಯರದ ಕೂಲಿಕಾರರಿಗೆ ಅದರ ಮೇಲೆ ಎಷ್ಟು ಸಿಟ್ಟಿತ್ತೆಂದರೆ, “ಸೂರತ್” ಎಂಬ ಮಾತು ಅಲ್ಲಿ ಕಳಪೆ ಮಾಲಿಗೆಲ್ಲ ಪರ್ಯಾಯ ಪದವಾಯಿತು. ಊರಿನ ಹೆಸರು ಬೈಗುಳವಾದ ಇನ್ನೊಂದು ಉದಾಹರಣೆ ಸಿಕ್ಕರೆ ಓದುಗರು ತಿಳಿಸಬೇಕು.) 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿದ್ದಿತು. ಹಿಗ್ಗಿನ ಕಾಲದಲ್ಲಿ ಮಾಡಿದ ಸಾಲ ಮಾತ್ರ ಸಾವುಕಾರನ ಖಾತೆಯಲ್ಲಿ ಕೂತಿತು.

ಹನ್ನೊಂದು ವರುಷದ ಮೇಲೆ ಬಂದದ್ದು ಧಾತು ಸಂವತ್ಸರ.

1876ರ ಯುಗಾದಿಯಿಂದ ಧಾತು, 1877ರಿಂದ ಈಶ್ವರ. ಈ ಎರಡು ಹೆಸರುಗಳನ್ನು ಜೋಡಿಸಿ ಮೈಸೂರು ಸೀಮೆಯವರು “ಧಾತು-ಈಶ್ವರ ಬರ” ಎಂದರು. ಅದಕ್ಕೂ ಹಿಂದೆ 1791-92ರಲ್ಲಿ ಬಂದ ಡೋಗಿ ಬರದಲ್ಲಿ ಸತ್ತವರನ್ನು ಮಣ್ಣು ಮಾಡುವವರಿಲ್ಲದೆ ಬುರುಡೆಗಳು ಬಯಲಲ್ಲಿ ಬಿದ್ದಿದ್ದವೆಂಬ ಮಾತು ಈ ಭಾಗದಲ್ಲಿ ಪ್ರಸಿದ್ಧವಿತ್ತು. ಧಾತು ಬರ ಬಂದಾಗ ಡೋಗಿ ಬರದ ಕಥೆ ಕೇಳಿದ ಮುದುಕರು ಇನ್ನೂ ಇದ್ದಿರಬೇಕು. 1876ರ ಮುಂಗಾರು ಹುಸಿ ಹೋಯಿತು, ಹಿಂಗಾರೂ ಬರಲಿಲ್ಲ. ಮುಂಬಯಿ ಇಲಾಖೆಯಲ್ಲಿ ಪುಣೆ, ಸೊಲ್ಲಾಪುರ, ಅಹಮದನಗರ, ಸಾತಾರೆಗಳಿಂದ ಹಿಡಿದು ಕಲಾದಗಿ, ಬೆಳಗಾವಿ, ಧಾರವಾಡದ ವರೆಗೆ. ಆಚೆ ಮದ್ರಾಸ ಇಲಾಖೆಯ ಬಳ್ಳಾರಿ, ನಿಜಾಮನ ಸೀಮೆ, ಮೈಸೂರು. ಕನ್ನಡ ನಾಡು ಆಗ ಹಲವು ರಾಜ್ಯಗಳಲ್ಲಿ ಹಂಚಿಹೋಗಿತ್ತು; ಬರ ಮಾತ್ರ ಏಕೀಕರಣವನ್ನು ಎಂಭತ್ತು ವರುಷ ಮೊದಲೇ ಸಾಧಿಸಿತು.

ಜೋಳದ ಬೆಲೆ ಏರಿದ ವೇಗಕ್ಕೆ ಹಗೇವುಗಳು ಬಾಯಿ ಮುಚ್ಚಿದವು. ಕಾಳು ಇದ್ದವನು ಇನ್ನೂ ಏರಲೆಂದು ಕಾದನು; ಇಲ್ಲದವನು ಎತ್ತು ಮಾರಿದನು, ಆಮೇಲೆ ತಾಮ್ರದ ಕೊಡ ಮಾರಿದನು, ಕಡೆಗೆ ಬಾಗಿಲಿನ ಚೌಕಟ್ಟು ಕಿತ್ತು ಮಾರಿದನು. ಎರೆಯ ಹೊಲದಲ್ಲಿ ಕೂಲಿ ಇಲ್ಲ. ಒಕ್ಕಲಿಗನಿಗೇ ತಿನ್ನಲಿಲ್ಲದಾಗ ಅವನು ಆಳನ್ನೇಕೆ ಇಟ್ಟುಕೊಂಡಾನು? ಬರವೆಂದರೆ ಧಾನ್ಯದ ಅಭಾವ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಕೂಲಿಯವನ ಮಟ್ಟಿಗೆ ಅದು ಮೊದಲು ಕೆಲಸದ ಅಭಾವ. ಮಳೆ ನಿಂತ ದಿನ ಅವನ ಕೂಲಿ ನಿಂತಿತು. ಪೇಟೆಯಲ್ಲಿ ಕಾಳು ಇದ್ದರೂ ಅವನ ಪಾಲಿಗೆ ಅದು ಗಾಜಿನ ಹಿಂದಿನ ಮಿಠಾಯಿ. ಆಗಿನ ಅಧಿಕಾರಸ್ಥರಿಗೂ ಇದು ತಿಳಿದಿತ್ತು. ಅದಕ್ಕಾಗಿಯೇ ಅವರು ಕಾಳು ಹಂಚುವ ಬದಲು ಕಾಮಗಾರಿ ತೆರೆದರು: ರಸ್ತೆ, ಕೆರೆ, ಖಡಿ. ಕೂಲಿ ಸಿಕ್ಕರೆ ಜನ ಕಾಳು ಕೊಳ್ಳುತ್ತಾರೆ, ಬೆಲೆ ಇದ್ದಲ್ಲಿಗೆ ವರ್ತಕ ತಾನೇ ಕಾಳು ತರುತ್ತಾನೆ ಎಂಬುದು ಲೆಕ್ಕ. ಲೆಕ್ಕವೇನೋ ತಪ್ಪಲ್ಲ. ಕೂಲಿ ಎಷ್ಟು ಎಂಬಲ್ಲಿ ಅದು ಮುಗ್ಗರಿಸಿತು.

ಇಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯ ಪ್ರವೇಶವಾಗುತ್ತದೆ. 1874ರಲ್ಲಿ ಬಿಹಾರದಲ್ಲಿ ಬರ ಬಂದಾಗ ಈತನೇ ಬರ್ಮಾದಿಂದ ಲಕ್ಷಗಟ್ಟಲೆ ಟನ್ ಅಕ್ಕಿ ತರಿಸಿ, ಧಾರಾಳವಾಗಿ ಹಂಚಿ, ಸಾವನ್ನು ಬಹುಮಟ್ಟಿಗೆ ತಡೆದಿದ್ದನು. ಬಹುಮಾನವಾಗಿ ಸಿಕ್ಕದ್ದು ದುಂದುಗಾರನೆಂಬ ಬಿರುದು. ಲಂಡನ್ನಿನ ಪತ್ರಿಕೆಗಳು, ಖಜಾನೆಯವರು ಅವನನ್ನು ಹಿಡಿದು ಝಾಡಿಸಿದರು. ಮನುಷ್ಯ ಪಾಠ ಕಲಿತನು. ಕಲಿತದ್ದು ತಪ್ಪು ಪಾಠ. 1877ರ ಜನವರಿ 1ರಂದು ದಿಲ್ಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಹಿಂದುಸ್ತಾನದ ಚಕ್ರವರ್ತಿನಿ ಎಂದು ಸಾರುವ ದರಬಾರು ವೈಭವದಿಂದ ನಡೆಯಿತು. ಅದೇ ತಿಂಗಳು ವೈಸರಾಯ್ ಲಾರ್ಡ್ ಲಿಟನ್ನನು ಟೆಂಪಲ್ಲನನ್ನು ಬರದ ಸೀಮೆಗಳಿಗೆ ಅಟ್ಟಿದನು. ವೆಚ್ಚಕ್ಕೆ ಲಗಾಮು ಹಾಕುವುದು ಅವನ ಹೊಣೆ.

ಟೆಂಪಲ್ ಗೊತ್ತುಮಾಡಿದ ಕೂಲಿ ಇತಿಹಾಸದಲ್ಲಿ ಅವನ ಹೆಸರಿನಿಂದಲೇ ಉಳಿದಿದೆ: ಗಟ್ಟಿಮುಟ್ಟಾದ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಕಾಳಿನ ಬೆಲೆ, ಮೇಲೆ ಅರ್ಧ ಆಣೆ. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಒಂದು ಪೌಂಡೆಂದರೆ ನಮ್ಮ ಹಳೆಯ ತೂಕದಲ್ಲಿ ಮೂವತ್ತೊಂಬತ್ತು ತೊಲೆ, ಅಂದರೆ ಪಕ್ಕಾ ಅರ್ಧ ಸೇರಿಗೆ ಒಂದು ತೊಲೆ ಕಡಿಮೆ. ಬೀಸಿ ಬಡಿದರೆ ನಾಲ್ಕೈದು ರೊಟ್ಟಿ. ಅರ್ಧ ಆಣೆಯಲ್ಲಿ ಉಪ್ಪು, ಮೆಣಸಿನಕಾಯಿ, ಬೇಳೆ, ಕಟ್ಟಿಗೆ ಎಲ್ಲ ಬರಬೇಕು. ಇಂದಿನ ಆಹಾರಶಾಸ್ತ್ರದ ಲೆಕ್ಕದಲ್ಲಿ ಆ ಕಾಳು ಸುಮಾರು 1600 ಕ್ಯಾಲೊರಿ ಆಗುತ್ತದೆ. ಸುಮ್ಮನೆ ಕುಳಿತವನಿಗೇ ಸಾಲದು. ಇವನಾದರೋ ಬಿಸಿಲಲ್ಲಿ ಸುತ್ತಿಗೆ ಎತ್ತುವವನು. ಮದ್ರಾಸ ಇಲಾಖೆಯ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಶ್ ಎಂಬವನು ಎದ್ದು ನಿಂತು ಇದನ್ನು ಖಂಡಿಸಿದನು. ಸೆರೆಮನೆಯಲ್ಲಿ ಕಠಿಣ ಸಜೆಯ ಕೈದಿಗೆ ಸಿಗುವ ಕೂಳಿಗಿಂತಲೂ ಇದು ಕಡಿಮೆ ಎಂದು ಲೆಕ್ಕ ಹಾಕಿ ತೋರಿಸಿದನು. ಟೆಂಪಲ್ಲನಿಗೂ ಅವನಿಗೂ ಕಾಗದದ ಮೇಲೆ ಜಗಳ ನಡೆದು, 1877ರ ಮೇ ತಿಂಗಳಲ್ಲಿ ಮದ್ರಾಸ ಸರಕಾರ ಆ ಕೂಲಿಯನ್ನು ಕೈಬಿಟ್ಟಿತು. ಬಳ್ಳಾರಿಯ ಕಡೆಯವರು ಅಷ್ಟರಲ್ಲಿ ನಾಲ್ಕು ತಿಂಗಳು ಅದರ ರುಚಿ ನೋಡಿ ಆಗಿತ್ತು. ಕಾರ್ನಿಶ್ ಸಾಹೇಬನ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಇಲ್ಲ. ಇರಬೇಕಿತ್ತು ಎಂದು ನನ್ನ ಅಭಿಪ್ರಾಯ.

ಕೂಲಿಯ ಪ್ರಮಾಣಕ್ಕಿಂತಲೂ ಕ್ರೂರವಾದದ್ದು ಪರೀಕ್ಷೆ. ಒಂದನೆಯದು ದೂರದ ಪರೀಕ್ಷೆ: ಊರ ಹತ್ತಿರದ ಸಣ್ಣ ಕಾಮಗಾರಿಗಳನ್ನು ಮುಚ್ಚಿ, ಗಟ್ಟಿ ಆಳುಗಳನ್ನು ದೂರದ ದೊಡ್ಡ ಕಾಮಗಾರಿಗೆ ಕಳಿಸುವುದು. ಮನೆಯಿಂದ ಹತ್ತು ಮೈಲಿಯಾಚೆ, ಗುಡಾರದಲ್ಲಿ, ಅಪರಿಚಿತರ ನಡುವೆ ಬಂದು ಬಿದ್ದಿರಲು ಒಪ್ಪಿದವನೇ ನಿಜವಾದ ಹಸಿದವನು ಎಂಬುದು ತರ್ಕ. ಎರಡನೆಯದು ದುಡಿಮೆಯ ಪರೀಕ್ಷೆ: ಇಷ್ಟು ಗಾತ್ರ ಮಣ್ಣು, ಇಷ್ಟು ಗಾತ್ರ ಖಡಿ ಎಂದು ಅಳತೆ, ಅಳತೆ ತುಂಬದಿದ್ದರೆ ಕೂಲಿ ಕಡಿತ. ಮೂರನೆಯದನ್ನು ಯಾರೂ ಬರೆದಿಡಲಿಲ್ಲ. ಅದು ಕೂಲಿಯ ಅಲ್ಪತನವೇ. ಇಷ್ಟಕ್ಕೂ ಬರುವನೆಂದಾದರೆ ಅವನಿಗೆ ಬೇರೆ ಗತಿ ಇಲ್ಲವೆಂಬುದು ಸಿದ್ಧ. ತರ್ಕಶಾಸ್ತ್ರದ ದೃಷ್ಟಿಯಿಂದ ನಿರ್ದೋಷವಾದ ಪ್ರಮಾಣ. ಆದರೆ ಈ ಪರೀಕ್ಷೆಗೆ ಕೂಡ್ರುವವನಿಗೆ ಕಾಲಲ್ಲಿ ನಡೆಯುವ ಶಕ್ತಿ ಬೇಕು. ಶಕ್ತಿ ಇರುವ ವರೆಗೆ ಮನುಷ್ಯ ಮನೆ ಬಿಡುವುದಿಲ್ಲ. ಎತ್ತು ಇದೆ, ಮುದಿ ತಾಯಿ ಇದ್ದಾಳೆ, ನಾಳೆ ಮಳೆ ಬಂದರೆ ಬಿತ್ತಬೇಕು ಎಂದು ಊರಲ್ಲಿಯೇ ಕಾಯುತ್ತಾನೆ. ಎಲ್ಲ ಮುಗಿದ ಮೇಲೆ ಹೊರಡುತ್ತಾನೆ. ಆಗ ದಾರಿಯಲ್ಲಿ ಬೀಳುತ್ತಾನೆ. ಹೀಗೆ ಪರೀಕ್ಷೆಯಲ್ಲಿ ನಾಪಾಸಾದವನೇ ಎಲ್ಲರಿಗಿಂತ ಹೆಚ್ಚು ಹಸಿದವನು. ಮೆಣಸಗಿಯಂಥ ಊರಿನಿಂದ ಹತ್ತು ಮೈಲಿ ಎಂದರೆ ಎರೆಯ ಬಯಲಿನಲ್ಲಿ ಮರದ ನೆರಳೂ ಇಲ್ಲದ ದಾರಿ ಎಂಬುದನ್ನು ಆ ಬಿಸಿಲು ಕಂಡವರಿಗೆ ಹೇಳಬೇಕಾಗಿಲ್ಲ.

ನೇಕಾರರ ಪಾಡು ಬೇರೆಯೇ. ಗದಗ-ಬೆಟಗೇರಿ, ಗಜೇಂದ್ರಗಡ, ಗುಳೇದಗುಡ್ಡ, ಇಳಕಲ್ಲುಗಳಲ್ಲಿ ಬರದ ಮೊದಲ ಪೆಟ್ಟು ಬಿದ್ದದ್ದು ಮಗ್ಗಕ್ಕೆ. ಹೊಟ್ಟೆಗಿಲ್ಲದಾಗ ಸೀರೆ ಕೊಳ್ಳುವವರಾರು? ತಲೆಮಾರುಗಳಿಂದ ಕುಣಿಯಲ್ಲಿ ಕಾಲಿಳಿಸಿ ಲಾಳಿ ಎಸೆದ ಕೈಗೆ ಸುತ್ತಿಗೆ ಒಗ್ಗುವುದಿಲ್ಲ, ಅಳತೆ ತುಂಬುವುದಿಲ್ಲ, ಕೂಲಿ ಕಡಿತ. ಮೇಲಾಗಿ ಒಮ್ಮೆ ಖಡಿ ಒಡೆದು ಜಡ್ಡುಗಟ್ಟಿದ ಬೆರಳಿಗೆ ಮತ್ತೆ ರೇಶಿಮೆಯ ಎಳೆ ಹತ್ತುವುದಿಲ್ಲ. ಲ್ಯಾಂಕಶಾಯರದವರು ಹದಿನಾಲ್ಕು ವರುಷ ಹಿಂದೆ ಇದೇ ದೂರನ್ನು ಹೇಳಿದ್ದರು. ಒಬ್ಬನು ನಮ್ಮ ಹತ್ತಿಯನ್ನು ನೂತವನು, ಇನ್ನೊಬ್ಬನು ಅವನ ಗಿರಣಿಯ ನೂಲನ್ನು ನೇಯ್ದವನು. ಇಬ್ಬರ ಕೈಗೂ ಸಿಕ್ಕದ್ದು ಒಂದೇ ಸುತ್ತಿಗೆ. ಮುಂದೆ ಬಂದ ಕ್ಷಾಮ ಸಂಹಿತೆಯಲ್ಲಿ ನೇಕಾರರಿಗೆ ಅವರ ಕಸುಬಿನಲ್ಲಿಯೇ ಕೆಲಸ ಕೊಡುವುದಕ್ಕೆ ಅವಕಾಶ ಮಾಡಿದ್ದು ಈ ಅನುಭವದಿಂದ.

ಜನ ಸುಮ್ಮನೆ ಸಹಿಸಿದರೆಂದು ತಿಳಿಯಬಾರದು. 1877ರ ಆರಂಭದಲ್ಲಿ ಮುಂಬಯಿ ಸರಕಾರವೂ ಕೂಲಿ ಇಳಿಸಿ, ದೂರದ ಕಾಮಗಾರಿಗೆ ಹೋಗಬೇಕೆಂದು ಆಜ್ಞೆ ಮಾಡಿದಾಗ ದಖ್ಖನದ ಕಾಮಗಾರಿಗಳಿಂದ ಲಕ್ಷದ ಲೆಕ್ಕದಲ್ಲಿ ಜನ ಗುದ್ದಲಿ-ಬುಟ್ಟಿ ಕೆಳಗಿಟ್ಟು ಎದ್ದುಹೋದರು. ಹಸಿದವರ ಸಂಪು! ಕಳೆದುಕೊಳ್ಳಲು ಒಂದು ಪೌಂಡು ಕಾಳನ್ನು ಬಿಟ್ಟರೆ ಬೇರೇನೂ ಇಲ್ಲದವರು ಅದನ್ನೂ ಒಲ್ಲೆವೆಂದರು. ಪುಣೆಯ ಸಾರ್ವಜನಿಕ ಸಭೆ ಅವರ ಬೆನ್ನಿಗೆ ನಿಂತಿತು. “ಸಾರ್ವಜನಿಕ ಕಾಕಾ” ಎಂದು ಹೆಸರಾಗಿದ್ದ ಗಣೇಶ ವಾಸುದೇವ ಜೋಶಿಯವರ ಆ ಸಭೆ ಜಿಲ್ಲೆಜಿಲ್ಲೆಗಳಿಂದ ವರದಿ ತರಿಸಿ, ಅಂಕಿಗಳನ್ನು ಕೂಡಿಸಿ, ಸರಕಾರಕ್ಕೆ ಮನವಿಯ ಮೇಲೆ ಮನವಿ ಬರೆಯಿತು. ಅಧಿಕಾರಸ್ಥರು ಈ ಎದ್ದುಹೋದದ್ದನ್ನೇ ಪ್ರಮಾಣ ಮಾಡಿಕೊಂಡರು: ನೋಡಿರಿ, ಬಿಟ್ಟುಹೋದರೆಂದ ಮೇಲೆ ಇವರಿಗೆ ಅಷ್ಟೊಂದು ಹಸಿವಿರಲಿಲ್ಲ! ಇದ್ದರೆ ಕೂಲಿ ಸಾಕೆಂದು ಅರ್ಥ, ಹೋದರೆ ಹಸಿವಿಲ್ಲವೆಂದು ಅರ್ಥ. ಇಂಥ ಪರೀಕ್ಷಕನ ಕೈಯಲ್ಲಿ ಯಾವ ವಿದ್ಯಾರ್ಥಿ ಪಾಸಾಗಬಲ್ಲನು? 1877ರ ಮೇ ಹೊತ್ತಿಗೆ ಟೆಂಪಲ್ ಮುಂಬಯಿಯ ಗವರ್ನರನೇ ಆಗಿದ್ದನು.

ಲೆಕ್ಕವನ್ನು ಜನಗಣತಿ ಹೇಳುತ್ತದೆ. 1872ರಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆ ಹತ್ತು ಲಕ್ಷಕ್ಕೆ ಹತ್ತಿರವಿದ್ದದ್ದು 1881ರಲ್ಲಿ ಒಂಬತ್ತು ಲಕ್ಷದ ಕೆಳಗೆ ಇಳಿಯಿತು. ಹೊಳೆಯಾಚೆಯ ಕಲಾದಗಿ ಜಿಲ್ಲೆಯಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಕಾಣೆ. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50 ಲಕ್ಷ ದಾಟಿದ್ದ ಜನ 1881ರಲ್ಲಿ ಸುಮಾರು 42 ಲಕ್ಷ. ಎಲ್ಲರೂ ಸತ್ತರೆಂದಲ್ಲ, ಗುಳೆ ಹೋದವರೂ ಉಂಟು. ಮಳೆ ಬಂದ ಮೇಲೂ ಸುಖವಿಲ್ಲ. ಬೆಳೆದ ಬೆಳೆಯನ್ನು ಇಲಿಗಳ ಹಿಂಡು ಬಂದು ತಿಂದವು.

ಇಷ್ಟಾದ ಮೇಲೆ ಸರಕಾರ ಕಣ್ಣುಬಿಟ್ಟಿತು ಎನ್ನಬೇಕು. ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯಲ್ಲಿ ಕ್ಷಾಮ ಆಯೋಗ ಕೂತು 1880ರಲ್ಲಿ ವರದಿ ಕೊಟ್ಟಿತು. ಮೈಸೂರಿನ ಬರದಲ್ಲಿ ಪರಿಹಾರದ ಹೊಣೆ ಹೊತ್ತಿದ್ದ ಚಾರ್ಲ್ಸ್ ಎಲಿಯಟ್ ಅದರ ಕಾರ್ಯದರ್ಶಿ. 1883ರಲ್ಲಿ ಕ್ಷಾಮ ಸಂಹಿತೆಯ ಕರಡು ಬಂದಿತು. ಅದನ್ನನುಸರಿಸಿ ಪ್ರತಿ ಇಲಾಖೆಯೂ ತನ್ನ ಸಂಹಿತೆ ಮಾಡಿಕೊಂಡಿತು. ಕುಲಕರ್ಣಿ ಏನು ಬರೆಯಬೇಕು, ಮಾಮಲೇದಾರನು ಯಾವ ಲಕ್ಷಣ ಕಂಡಾಗ ಕಲೆಕ್ಟರನಿಗೆ ತಿಳಿಸಬೇಕು, ಪರೀಕ್ಷಾ ಕಾಮಗಾರಿ ಎಂದು ತೆರೆಯಬೇಕು, ಕುರುಡ-ಕುಂಟ-ಮುದುಕರಿಗೆ ಊರಲ್ಲಿಯೇ ಕೂಳು ಹೇಗೆ ಕೊಡಬೇಕು ಎಂಬುದೆಲ್ಲ ಕಲಮುಗಳಾಗಿ ಬಂದವು. ಕೂಲಿಯನ್ನು ಕಾಳಿನ ಬೆಲೆಗೆ ತಕ್ಕಂತೆ ಏರಿಳಿಸುವ ಪದ್ಧತಿ ಗಟ್ಟಿಯಾಯಿತು. ಇದು ಒಳ್ಳೆಯ ಕೆಲಸ, ಇಲ್ಲವೆನ್ನಲಾಗದು. ಆದರೆ ಪರೀಕ್ಷೆಯ ಬುದ್ಧಿ ಸಂಹಿತೆಯ ಬೆನ್ನೆಲುಬಾಗಿಯೇ ಉಳಿಯಿತು. ಆಯೋಗದಲ್ಲಿಯೇ ಜೇಮ್ಸ್ ಕೇರ್ಡ್ ಮತ್ತು ಸಲಿವನ್ ಎಂಬ ಇಬ್ಬರು ಭಿನ್ನಮತ ಬರೆದು, ಜನರನ್ನು ದೂರದ ಕಾಮಗಾರಿಗೆ ಎಳೆಯುವ ಬದಲು ಊರಲ್ಲಿಯೇ ಉಳಿಸಿ ನೆರವು ಕೊಡುವುದು ಮೇಲು ಎಂದರು. ಕೇರ್ಡ್ ಸ್ವತಃ ಒಕ್ಕಲುತನ ಬಲ್ಲವನು. ಅವನ ಮಾತು ನಡೆಯಲಿಲ್ಲ. ಗದಗಿನಿಂದ ಹೊಟಗಿಗೆ ಹೋಗುವ ರೇಲ್ವೆ ಬಂದದ್ದೂ ಈ ಬರದ ಪಾಠದಿಂದಲೇ. ಎರೆಯ ಸೀಮೆಗೆ ಕಾಳು ಮುಟ್ಟಿಸುವ ಹಾದಿ ಎಂದು 1880ರ ದಶಕದಲ್ಲಿ ಅದನ್ನು ಹಾಕಿದರು. ಹೊಳೆಆಲೂರಿನಲ್ಲಿ ಗಾಡಿ ಇಳಿಯುವವರು ಇದನ್ನು ನೆನೆಯುವುದಿಲ್ಲ, ನೆನೆಯಬೇಕಾದ ಕಾರಣವೂ ಇಲ್ಲ. ಬೆಂಗಳೂರು-ಮೈಸೂರು ರೇಲ್ವೆಯ ಮಣ್ಣನ್ನೂ ಇದೇ ಬರದ ಹಸಿದವರು ಹೊತ್ತರು.

ಈಗ ವಿಲಾಯತಿಗೆ ಮರಳೋಣ. ಅಲ್ಲಿ 1911ರ ಕಾಯಿದೆಯಿಂದ ಕೆಲವು ಉದ್ಯೋಗಗಳ ಕೂಲಿಕಾರರಿಗೆ ನಿರುದ್ಯೋಗ ವಿಮೆ ದೊರೆಯಿತು: ಕೂಲಿಕಾರ, ಮಾಲೀಕ, ಸರಕಾರ ಮೂವರೂ ಕೂಡಿ ಹಾಕಿದ ನಿಧಿಯಿಂದ ವಾರಕ್ಕೆ 7 ಶಿಲಿಂಗು, ವರುಷದಲ್ಲಿ 15 ವಾರ. 1920ರಲ್ಲಿ ಅದು ಬಹುತೇಕ ಕೂಲಿಕಾರರಿಗೆ ವಿಸ್ತರಿಸಿತು. ತಾನಾಗಿ ಕೆಲಸ ಬಿಟ್ಟವನಿಗೆ, ನಡತೆ ಸರಿಯಿಲ್ಲವೆಂದು ತೆಗೆಯಲ್ಪಟ್ಟವನಿಗೆ ಆರು ವಾರ ಏನೂ ಇಲ್ಲ. 1921ರಲ್ಲಿ ಇನ್ನೊಂದು ಷರತ್ತು: ಕೂಲಿಕಾರನು “ನಿಜವಾಗಿ ಕೆಲಸ ಹುಡುಕುತ್ತಿದ್ದೇನೆ” ಎಂದು ಸಿದ್ಧಮಾಡಿ ತೋರಿಸಬೇಕು. ಕೆಲಸವೇ ಇಲ್ಲದ ಊರಲ್ಲಿ, ಇಲ್ಲವೆಂದು ಎಲ್ಲರಿಗೂ ಗೊತ್ತಿರುವ ಗಿರಣಿಗಳ ಬಾಗಿಲಿಗೆ ದಿನವೂ ನಡೆದು, ಇಲ್ಲವೆನ್ನಿಸಿಕೊಂಡು ಬರಬೇಕು. ದೂರದ ಪರೀಕ್ಷೆ ಹಡಗೇರಿ ತೌರುಮನೆಗೆ ಮರಳಿದಂತೆ ಕಾಣುವುದಿಲ್ಲವೆ? 1930ರಲ್ಲಿ ಇದನ್ನು ತೆಗೆದರು. 1931ರಲ್ಲಿ ಇನ್ನೂ ಕಟುವಾದ ಆಸ್ತಿ-ಆದಾಯದ ಪರೀಕ್ಷೆ ತಂದರು. ಅಧಿಕಾರಿ ಮನೆಗೇ ಬಂದು ಕುರ್ಚಿ-ಮೇಜು ಎಣಿಸುವನು. ಮಗಳು ದುಡಿದರೆ ತಂದೆಯ ಕೂಳು ಕಡಿತ. ಮಕ್ಕಳು ತಂದೆಯ ಹೊಟ್ಟೆಗಾಗಿ ಮನೆ ಬಿಟ್ಟು ಬೇರೆ ಬಿಡಾರ ಹೂಡುವ ವಿಪರೀತ ನಡೆಯಿತು.

ಈ ಪರೀಕ್ಷೆಯನ್ನು ಕೊನೆಗಾಣಿಸಿದ್ದು ಕರುಣೆಯಲ್ಲ, ಯುದ್ಧ. 1939ರಲ್ಲಿ ಯುದ್ಧ ಹೊತ್ತಿದ ಮೇಲೂ ಕೆಲವು ತಿಂಗಳು ಇಂಗ್ಲಂಡಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಕೆಲಸವಿಲ್ಲದೆ ಇದ್ದರು. 1940ರ ಮೇ ತಿಂಗಳಲ್ಲಿ ಕೂಲಿಕಾರ ಮುಖಂಡ ಅರ್ನೆಸ್ಟ್ ಬೆವಿನ್ ಮಂತ್ರಿಯಾದನು. ಆಮೇಲೆ ಕೈಗಳೇ ಸಾಲದಾದವು. 1941ರ ಆಜ್ಞೆಯಂತೆ ಯುದ್ಧಕ್ಕೆ ಬೇಕಾದ ಕಾರಖಾನೆಯ ಕೂಲಿಕಾರನು ಅಪ್ಪಣೆಯಿಲ್ಲದೆ ಕೆಲಸ ಬಿಡುವಂತಿಲ್ಲ. ಮಾಲೀಕನೂ ಅಪ್ಪಣೆಯಿಲ್ಲದೆ ತೆಗೆಯುವಂತಿಲ್ಲ. ನಿನ್ನೆ ಕೆಲಸ ಹುಡುಕಲಿಲ್ಲವೆಂದು ಶಿಕ್ಷೆ. ಇಂದು ಬೇರೆ ಕೆಲಸ ಹುಡುಕಿದನೆಂದು ಶಿಕ್ಷೆ. ರಾತ್ರಿ ಬಾಂಬಿನ ಮಳೆ, ಬೆಳಿಗ್ಗೆ ಭೋಂಗಾ. ಹೆಂಗಸರನ್ನೂ ಹೆಸರು ನೋಂದಿಸಿ ಕೆಲಸಕ್ಕೆ ಕರೆದರು. 1943ರ ಕೊನೆಗೆ ಸೈನ್ಯಕ್ಕೆ ಕರೆದ ತರುಣರಲ್ಲಿ ಹತ್ತಕ್ಕೆ ಒಬ್ಬನನ್ನು ಚೀಟಿ ಎತ್ತಿ ಕಲ್ಲಿದ್ದಲ ಗಣಿಗೆ ಇಳಿಸಿದರು. ಆದರೆ ಇದೇ ಗದ್ದಲದಲ್ಲಿ, 1941ರಲ್ಲಿ, ಮನೆಯವರೆಲ್ಲರ ಗಳಿಕೆ ಎಣಿಸುವ ಪದ್ಧತಿಯನ್ನು ರದ್ದು ಮಾಡಿದರು. 1942ರ ಡಿಸೆಂಬರಿನಲ್ಲಿ ವಿಲಿಯಂ ಬೆವರಿಜ್ಜನ ವರದಿ ಬಂದಿತು: ವಿಮೆಯ ಕಂತು ಕಟ್ಟಿದವನಿಗೆ ನೆರವು ಹಕ್ಕು, ಅವನ ಕುರ್ಚಿ ಎಣಿಸುವ ಅಗತ್ಯವಿಲ್ಲ. ಈ ಬೆವರಿಜ್ ಹುಟ್ಟಿದ್ದು 1879ರಲ್ಲಿ, ಬಂಗಾಲದ ರಂಗಪುರದಲ್ಲಿ. ತಂದೆ ಅಲ್ಲಿ ಅಧಿಕಾರಿ. ಅಂದರೆ ಅವನೂ ಹೆಚ್ಚುಕಡಿಮೆ ಬರದಾಗ ಹುಟ್ಟಿದಾಂವನೇ.

ಆ ವರದಿಯ ಪ್ರತಿಗಳನ್ನು ಲಂಡನ್ನಿನಲ್ಲಿ ಜನ ಸಾಲುಗಟ್ಟಿ ಕೊಳ್ಳುತ್ತಿದ್ದ ಚಳಿಗಾಲದಲ್ಲಿಯೇ ಬಂಗಾಲದಲ್ಲಿ ಅಕ್ಕಿಯ ಬೆಲೆ ಮೇಲೇರುತ್ತಿತ್ತು. 1943ರಲ್ಲಿ ಅಲ್ಲಿ ಸುಮಾರು 30 ಲಕ್ಷ ಜನ ಸತ್ತರು. ಕ್ಷಾಮ ಸಂಹಿತೆ ಪುಸ್ತಕದ ಕಪಾಟಿನಲ್ಲಿ ಇದ್ದಿತು. ಅದನ್ನು ಜಾರಿ ಮಾಡಿದರೆ ಸಂಹಿತೆಯಂತೆ ಕಾಳು ಕೊಡಬೇಕಾಗುತ್ತದೆ, ಕೊಡಲು ಕಾಳಿಲ್ಲ ಎಂಬ ಕಾರಣದಿಂದ ಜಾರಿ ಮಾಡಲಿಲ್ಲ. ಅದೇ ಯುದ್ಧಕಾಲದಲ್ಲಿ ನಮ್ಮ ನೆರೆಯ ವಿಜಾಪುರ ಜಿಲ್ಲೆಗೆ ಬರ ಬಂದಾಗ ಮುಂಬಯಿ ಸರಕಾರ ಸಂಹಿತೆಯಂತೆ ಕಾಮಗಾರಿ ತೆರೆಯಿತು; ಬಂಗಾಲದ ಗತಿ ಅಲ್ಲಿ ಬರಲಿಲ್ಲ. ಅದೇ ಹಳೆಯ ಪುಸ್ತಕ. ಒಂದು ಕಡೆ ತೆರೆದರು, ಒಂದು ಕಡೆ ತೆರೆಯಲಿಲ್ಲ.

2005ರಲ್ಲಿ ನಮ್ಮ ಸಂಸತ್ತು ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯನ್ನು ಒಪ್ಪಿದಾಗ ನಾನು ಅದರ ಕಲಮುಗಳನ್ನು ಕುತೂಹಲದಿಂದ ಓದಿದೆ. ಕೆಲಸ ಕೇಳಿದ 15 ದಿನದೊಳಗೆ ಕೆಲಸ ಕೊಡಬೇಕು. ಕೊಡದಿದ್ದರೆ ನಿರುದ್ಯೋಗ ಭತ್ತೆ, ಮೊದಲ 30 ದಿನ ಕೂಲಿಯ ಕಾಲು ಪಾಲಿಗೆ ಕಡಿಮೆಯಿಲ್ಲದಂತೆ, ಆಮೇಲೆ ಅರ್ಧ ಪಾಲಿಗೆ ಕಡಿಮೆಯಿಲ್ಲದಂತೆ. ಕೆಲಸ 5 ಕಿಲೋಮೀಟರಿನ ಒಳಗಿರಬೇಕು. ಅದಕ್ಕಿಂತ ದೂರವಾದರೆ ಕೂಲಿಯ ಮೇಲೆ ನೂರಕ್ಕೆ 10ರಷ್ಟು ಹೆಚ್ಚು. ಟೆಂಪಲ್ಲನ ದೂರದ ಪರೀಕ್ಷೆಯನ್ನು ಯಾರೋ ತಿರುವಿ ಹಾಕಿದ್ದರು: ದೂರಕ್ಕೆ ದಂಡ ಕೊಡಬೇಕಾದವನು ಈಗ ಹಸಿದವನಲ್ಲ, ಸರಕಾರ. ಕೇರ್ಡ್ ಬದುಕಿದ್ದರೆ ಸಂತೋಷಪಡುತ್ತಿದ್ದನು.

ಭತ್ತೆಯ 15 ದಿನಗಳನ್ನು ಎಣಿಸುವುದು ಅರ್ಜಿ ಕೊಟ್ಟ ತಾರೀಖಿನಿಂದ. ಆದುದರಿಂದ ತಾರೀಖು ಹಾಕಿದ ರಸೀದಿಯನ್ನು ಪಂಚಾಯತಿ ಕೊಡತಕ್ಕದ್ದೆಂದು ಕಾಯಿದೆಯಲ್ಲಿ ಬರೆದಿದ್ದರು. ಮುಂದಿನ ವರುಷಗಳಲ್ಲಿ ದೇಶದ ಹಲವು ಕಡೆಗಳಿಂದ ಬಂದ ದೂರು ಒಂದೇ: ಅರ್ಜಿ ತೆಗೆದುಕೊಳ್ಳುತ್ತಾರೆ, ರಸೀದಿ ಕೊಡುವುದಿಲ್ಲ, ಕಾಮಗಾರಿ ಬಿದ್ದ ದಿನ ಅರ್ಜಿಯ ಮೇಲೆ ಆ ದಿನದ ತಾರೀಖು ಬರೆಯುತ್ತಾರೆ.